ಎರಡು ಡಬ್ಬಿ ಕುಂದಾ

ಬೆಳಗಾವಿ
ಭಾನುವಾರ ರಾತ್ರಿ

ನನ್ನವ್ವಾ,

ಆಶೀರ್ವಾದಗಳು. ಫೋನ್ ಮಾಡಿದರೆ "ಆರಾಮ ಅದೀನಪ್ಪಾ" ಅಂತ ಅರ್ಧ ನಿಮಿಷಕ್ಕೆ ಇಟ್ಟುಬಿಡುತ್ತೀಯ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಹೇಗೂ ಕುಂದಾ ಕಳಿಸುವುದಿತ್ತು, ಅದರ ಜೊತೆಯಲ್ಲೇ ಇಡುತ್ತೇನೆ. ಡಬ್ಬಿ ಎರಡು ಯಾಕಿವೆ ಅಂತ ಆಮೇಲೆ ಹೇಳುತ್ತೇನೆ. ಮೊದಲು ಒಂದು ಚೂರು ಬಾಯಿಗೆ ಹಾಕಿಕೋ, ಆಮೇಲೆ ಓದು. ಓದಿದ ಮೇಲೆ ಅಪ್ಪನ ಮೇಲೆ ಸಿಟ್ಟು ಬಂದರೂ ಬರಬಹುದು.

ಇಲ್ಲಿ ಮಳೆ ಹಿಡಿದು ಒಂಬತ್ತು ದಿನ ಆಯಿತು. ಜೋರಿಲ್ಲ, ಜಿಟಿಜಿಟಿ. ಒಣಗಲು ಹಾಕಿದ ಬಟ್ಟೆ ಮನೆ ತುಂಬ. ಆದರೂ ಇವತ್ತು ಮಧ್ಯಾಹ್ನ ಲೇಲೆ ಮೈದಾನದ ಹತ್ತಿರದ ಚಹಾದಂಗಡಿಗೆ ಹೋದೆ. ನಿನ್ನ ಹಾಕಿ ಮ್ಯಾಚ್ ಲೈವ್ ಬರುತ್ತಿತ್ತಲ್ಲ. ಸಕ್ಕರೆ ಡಬ್ಬಕ್ಕೆ ಫೋನ್ ಆನಿಸಿಟ್ಟು ಏಳೆಂಟು ಮಂದಿ ನೋಡುತ್ತಿದ್ದರು. ಹವಾಲ್ದಾರ್ ಮಾಮಾ ಇದ್ದರು. ಬ್ಯಾಂಕಿನಿಂದ ರಿಟೈರ್ ಆದವರು, ಆಟೋದವನು, ಮತ್ತೆ ಈಗಷ್ಟೇ ಮೀಸೆ ಬರುತ್ತಿರುವ ಒಬ್ಬ ಹುಡುಗ. ನಾನು ಹಿಂದೆ ನಿಂತೆ. ಯಾರೂ ನೋಡಲಿಲ್ಲ.

"ಏಳು ಮ್ಯಾಚ್ ಆತು. ಒಂದ್ ಗೋಲಿಲ್ಲ. ಸ್ಟಾರ್ ಫಾರ್ವರ್ಡ್ ಅಂತ, ಸ್ಟಾರ್" ಅಂದರು ಹವಾಲ್ದಾರರು.

"ಬಾಲ್ ಬರಬೇಕಲ್ರಿ ಆಕಿಗೆ? ಮಿಡ್‌ಫೀಲ್ಡ್‌ನ್ಯಾಗ ಯಾರರ ಅದಾರೇನು?" ಬ್ಯಾಂಕಿನವರು.

"ಹೋದ ಮ್ಯಾಚ್‌ನ್ಯಾಗ ಮೂರ್ ಶಾರ್ಟ್ ಕಾರ್ನರ್ ತಂದಾಳ. ಅದೇನ್ ಲೆಕ್ಕಕ್ಕಿಲ್ಲೇನು?" ಆಟೋದವನು ನಿನ್ನ ಪರ. ಅವನು ಯಾವಾಗಲೂ ಸೋಲುವವರ ಪರ.

"ಶಾರ್ಟ್ ಕಾರ್ನರ್ ಬೋರ್ಡ್ ಮ್ಯಾಲ ಬರೀತಾರೇನೋ? ಬಂಡು ಪಾಟೀಲ್ರ ಊರಾಗ ಕುಂತು ಇಂಥಾ ಮಾತಾಡ್ತೀಯಲ್ಲ!"

ಇದು ಹವಾಲ್ದಾರರ ಖಾಯಂ ಮಾತು, ನಿನಗೆ ಗೊತ್ತು. 1964ರ ಟೋಕಿಯೊ ಒಲಿಂಪಿಕ್ಸ್ ಚಿನ್ನ ತಂದ ತಂಡದಲ್ಲಿ ನಮ್ಮೂರಿನ ಬಂಡು ಪಾಟೀಲರು ಇದ್ದರು ಅನ್ನುವುದನ್ನು ಒಂದು ಕಪ್ ಚಹಾ ಮುಗಿಯುವುದರೊಳಗೆ ಒಮ್ಮೆ ಹೇಳದಿದ್ದರೆ ಅವರಿಗೆ ಚಹಾ ಇಳಿಯುವುದಿಲ್ಲ.

"ಬೆಂಚಿಗೆ ಕುಂದರಸಬೇಕ್ರಿ" ಅಂದ ಮೀಸೆ ಹುಡುಗ. ಅಷ್ಟರಲ್ಲಿ ಆಟೋದವನು ತಿರುಗಿದ, ನನ್ನನ್ನು ನೋಡಿದ. ಎಲ್ಲರೂ ಗಪ್‌ಚುಪ್. ಹವಾಲ್ದಾರರು ಚಹಾ ಮುಂದೆ ಸರಿಸಿ, "ನಿಮ್ಮ ಮಗಳು ಅಂತ ಅಲ್ರಿ, ಆಟದ ಮಾತು" ಅಂದರು. "ಹೇಳ್ರಿ, ಹೇಳ್ರಿ, ನಾನೂ ಕೇಳ್ತೀನಿ" ಅಂದೆ.

ನಿಜವಾಗಲೂ ಬೇಜಾರಾಗಲಿಲ್ಲ. ಯಾಕೆಂದರೆ 2024ರ ಜನವರಿಯಲ್ಲಿ ಅದೇ ಬೆಂಚಿನ ಮೇಲೆ ಎಲ್ಲರಿಗಿಂತ ಜಾಸ್ತಿ ಕೂಗಾಡಿದವನು ನಾನು. ರಾಂಚಿಯಲ್ಲಿ ನಮ್ಮ ದೇಶದ ಹೆಣ್ಣುಮಕ್ಕಳ ತಂಡಕ್ಕೆ ಜಪಾನ್ ಎದುರಿನ ಒಲಿಂಪಿಕ್ಸ್ ಅರ್ಹತೆಯ ಮ್ಯಾಚು. ಆರನೇ ನಿಮಿಷಕ್ಕೆ ಒಂದು ಗೋಲು ಬಿತ್ತು. ಆಮೇಲೆ ನಮಗೆ ಶಾರ್ಟ್ ಕಾರ್ನರ್, ಅಂದರೆ ಪೆನಾಲ್ಟಿ ಕಾರ್ನರ್, ಒಂದರ ಮೇಲೊಂದು. ಒಂದೂ ಒಳಗೆ ಹೋಗಲಿಲ್ಲ. 0-1. ಪ್ಯಾರಿಸ್ ಒಲಿಂಪಿಕ್ಸ್ ಅಲ್ಲಿಗೇ ಮುಗಿಯಿತು. 2021ರಲ್ಲಿ ಟೋಕಿಯೊದಲ್ಲಿ ನಾಲ್ಕನೇ ಸ್ಥಾನಕ್ಕೆ ಬಂದ ತಂಡ ಅದು, ಹಾಗಾಗಿ ಹೊಟ್ಟೆ ಉರಿಯಿತು. ಬಾಯಿಗೆ ಬಂದಂತೆ ಬೈದೆ. ಆ ಹುಡುಗಿಯರ ಅಪ್ಪಂದಿರೂ ಎಲ್ಲೋ ಒಂದು ಅಂಗಡಿಯಲ್ಲಿ ಹಿಂದೆ ನಿಂತು ಚಹಾ ಕುಡಿಯುತ್ತಿದ್ದಿರಬೇಕು.

ಲೆಕ್ಕ ಕೇಳುವುದು ತಪ್ಪಲ್ಲ ಮಗಳೇ. ಆಟೋ ನಿಲ್ಲಿಸಿ, ಬಾಡಿಗೆ ಬಿಟ್ಟು ನಿನ್ನ ಆಟ ನೋಡುವವನಿಗೆ ಒಂದು ಮಾತಾಡುವ ಹಕ್ಕಿದೆ. ಆದರೆ ಎಲ್ಲದಕ್ಕೂ ಒಂದು ಗೆರೆ ಇರುತ್ತದೆ ಅಲ್ವಾ. ವಂದನಾ ಕಟಾರಿಯಾ ಕಥೆ ನಿನಗೇ ಗೊತ್ತು. 2021ರ ಜುಲೈ 31ಕ್ಕೆ ದಕ್ಷಿಣ ಆಫ್ರಿಕಾ ಮೇಲೆ ಮೂರು ಗೋಲು. ಒಲಿಂಪಿಕ್ಸ್‌ನಲ್ಲಿ ಹ್ಯಾಟ್ರಿಕ್ ಹೊಡೆದ ಮೊದಲ ಭಾರತೀಯ ಹೆಣ್ಣುಮಗಳು. ನಾಲ್ಕು ದಿನ ಬಿಟ್ಟು ಅರ್ಜೆಂಟೀನಾ ಎದುರು ಸೆಮಿಫೈನಲ್ ಸೋತರು. ಆವತ್ತು ಹರಿದ್ವಾರದ ಹತ್ತಿರದ ರೋಶನಾಬಾದ್‌ನಲ್ಲಿ ತಮ್ಮ ಮನೆ ಮುಂದೆ ಪಟಾಕಿ ಹೊಡೆದು ಕುಣಿದರು, ಜಾತಿ ಎತ್ತಿ ಬೈದರು ಅಂತ ಅವರ ಮನೆಯವರು ಪೊಲೀಸರಿಗೆ ದೂರು ಕೊಟ್ಟರು. ಅದನ್ನು ಲೆಕ್ಕ ಕೇಳುವುದು ಅನ್ನುತ್ತಾರಾ? ನಮ್ಮ ಚಹಾದಂಗಡಿ ಅಷ್ಟು ಕೆಟ್ಟಿಲ್ಲ, ಪುಣ್ಯ.

ಮನೆಗೆ ಬಂದು ಹೇಳಿದರೆ ನಿಮ್ಮವ್ವ ನನ್ನ ಮೇಲೇ ಹರಿಹಾಯ್ದಳು. "ಹರ್ಮನ್‌ಪ್ರೀತ್‌ಗೂ ಹಿಂಗ ಆಗಿರ್ಲಿಲ್ಲೇನು?" ಅಂದಳು. ಆಕೆ ಎಲ್ಲಾ ನೆನಪಿಟ್ಟಿರುತ್ತಾಳೆ. 2023ರ ಗಂಡಸರ ವರ್ಲ್ಡ್‌ಕಪ್ ನಮ್ಮದೇ ನೆಲದಲ್ಲಿ, ಒಡಿಶಾದಲ್ಲಿ. ಹರ್ಮನ್‌ಪ್ರೀತ್ ಸಿಂಗ್, ಆತನೇ ಕ್ಯಾಪ್ಟನ್. ಪೆನಾಲ್ಟಿ ಕಾರ್ನರ್‌ನಲ್ಲಿ ಬಾಲ್ ಎಳೆದು ಚಿಮ್ಮಿಸುವ ಆತನ ಡ್ರ್ಯಾಗ್‌ಫ್ಲಿಕ್ ಸರಿಯಾಗಿ ಕೂರಲಿಲ್ಲ. ನ್ಯೂಜಿಲೆಂಡ್ ಜೊತೆ 3-3 ಆಗಿ, ಶೂಟೌಟ್‌ನಲ್ಲಿ ಸೋತು, ಕ್ವಾರ್ಟರ್‌ಫೈನಲ್‌ಗೂ ಹೋಗದೆ ಹೊರಬಿದ್ದೆವು. ಕೋಚ್ ಗ್ರಹಾಂ ರೀಡ್ ರಾಜೀನಾಮೆ ಕೊಟ್ಟರು. ಮರುವರ್ಷ ಪ್ಯಾರಿಸ್‌ನಲ್ಲಿ ಅದೇ ಮನುಷ್ಯ 10 ಗೋಲು ಹೊಡೆದ. ಸ್ಪೇನ್ ಎದುರು ಕಂಚು ಗೆದ್ದಾಗ 2-1, ಎರಡೂ ಆತನವೇ. ನಿಮ್ಮವ್ವನ ಪ್ರಕಾರ ನಿನಗೂ ಹಾಗೆಯೇ ಟೈಮ್ ಬರುತ್ತದೆ, ಸುಮ್ನೆ ಇರಬೇಕು, ಶನಿವಾರ ಮಾರುತಿ ಗುಡಿಗೆ ಎಣ್ಣೆ ಕೊಡಬೇಕು.

ಎಣ್ಣೆ ಕೊಡಲಿ. ಆದರೆ ನನಗೆ ಆ ಮಾತು ಪೂರ್ತಿ ಒಪ್ಪಿಗೆಯಾಗಲಿಲ್ಲ. ಆತ ಡಿಫೆಂಡರ್. ಪೆನಾಲ್ಟಿ ಕಾರ್ನರ್ ಬಂತೆಂದರೆ ಗೋಲಿನ ಮುಂದಿನ ಅರ್ಧಚಂದ್ರದ ಗೆರೆ, ಆ ಡಿ ತುದಿಯಲ್ಲಿ ಬಂದು ನಿಲ್ಲಲೇಬೇಕು. ಎಲ್ಲರ ಕಣ್ಣೂ ಆತನ ಮೇಲೆ. ಬಾಲ್ ಬರುತ್ತದೆ, ಹೊಡೆಯಲೇಬೇಕು. ತಪ್ಪಿದರೆ ತಪ್ಪಿತು, ಇಡೀ ದೇಶ ನೋಡುತ್ತದೆ. ಅಡಗಿಕೊಳ್ಳಲು ಜಾಗವಿಲ್ಲ. ಫಾರ್ವರ್ಡ್‌ಗೆ ಜಾಗ ಇದೆ. ಬಹಳ ಜಾಗ ಇದೆ. ಅದನ್ನು ಹೇಳಲಿಕ್ಕೇ ಈ ಕಾಗದ.

ಹೋದ ತಿಂಗಳು ರಾಣಿ ಚೆನ್ನಮ್ಮ ರೈಲಿಗೆ ಬೆಂಗಳೂರಿಗೆ ಬಂದು ಅಕ್ಕಿತಿಮ್ಮನಹಳ್ಳಿ ಸ್ಟೇಡಿಯಂನಲ್ಲಿ ನಿನ್ನ ಮ್ಯಾಚ್ ನೋಡಿದೆನಲ್ಲ, ಆವತ್ತೇ ಏನೋ ಕಂಡಿತ್ತು. ಏನು ಅಂತ ತಿಳಿಯಲಿಲ್ಲ. ಊರಿಗೆ ಬಂದ ಮೇಲೆ ನಿನ್ನ ಎಲ್ಲಾ ಮ್ಯಾಚಿನ ವಿಡಿಯೊ ಹಾಕಿಕೊಂಡು ಕೂತೆ. ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಮೂರು ಗೆರೆ ಎಳೆದೆ. ಡಿ ಒಳಗೆ ನೀನು ಬಾಲ್ ಮುಟ್ಟಿದ್ದು ಒಂದು ಕಡೆ, ಹೊಡೆದದ್ದು ಒಂದು ಕಡೆ, ಗೋಲು ಒಂದು ಕಡೆ. ಗೋಲಿನ ಕಡೆ ಬರೀ ಸೊನ್ನೆ, ಅದನ್ನು ಬಿಡು. ಮೊದಲ ಮ್ಯಾಚಿನಲ್ಲಿ ಮುಟ್ಟಿದ್ದು ಒಂಬತ್ತು, ಹೊಡೆದದ್ದು ಆರು. ಅದರಲ್ಲಿ ಒಂದು ಪೋಸ್ಟಿಗೆ ಬಡಿದು ಹೋಯಿತು, ಎರಡನ್ನು ಗೋಲ್‌ಕೀಪರ್ ಕಾಲಲ್ಲಿ ಒದ್ದಳು. ಅದು ಬರೀ ನಸೀಬು. ಆವತ್ತು ನಿನ್ನದೇನೂ ತಪ್ಪಿರಲಿಲ್ಲ. ನಾಲ್ಕನೇ ಮ್ಯಾಚಿಗೆ ಐದು, ಎರಡು. ಇವತ್ತು ಮುಟ್ಟಿದ್ದು ಎರಡು, ಹೊಡೆದದ್ದು ಒಂದೂ ಇಲ್ಲ.

ಗೋಲು ಬರದೇ ಇದ್ದದ್ದು ಮೊದಲು, ನೀನು ಹೊಡೆಯುವುದನ್ನು ಬಿಟ್ಟದ್ದು ಆಮೇಲೆ. ಬರಬರುತ್ತಾ ಬಲಗಡೆಯ ಲೈನಿಗೇ ಅಂಟಿಕೊಂಡಿದ್ದೀಯ. ಅಲ್ಲಿ ಓಡಿದರೆ ಚೆನ್ನಾಗಿ ಕಾಣುತ್ತದೆ. ಹಿಂದೆ ಬಂದು ಟ್ಯಾಕಲ್ ಮಾಡಿದರೆ ಚಪ್ಪಾಳೆ ಬೀಳುತ್ತದೆ. ಆದರೆ 14.63 ಮೀಟರಿನ ಆ ಡಿ ಗೆರೆಯೊಳಗೆ ಕಾಲಿಡದೆ ಹೊಡೆದ ಬಾಲ್ ಗೋಲಾಗುವುದಿಲ್ಲ ಅನ್ನುವುದು ನಿನಗೆ ನಾನು ಹೇಳಬೇಕಾ?

ಈಗ ಇವತ್ತಿನ ಮೂರನೇ ಕ್ವಾರ್ಟರಿಗೆ ಬರುತ್ತೇನೆ. ಬಾಲ್ ನಿನ್ನ ಸ್ಟಿಕ್ ಮೇಲಿದೆ, ಡಿ ಒಳಗೆ, ಬಲಗಡೆ. ಕೀಪರ್ ಮುಂದೆ ಬಂದಿದ್ದಾಳೆ. ಆಚೆ ಪೋಸ್ಟ್ ಬಾಗಿಲು ತೆರೆದಿಟ್ಟ ಹಾಗೆ ಖಾಲಿ. ನೀನು ತಲೆ ಎತ್ತಿ ನೋಡಿದೆ. ಸ್ಟಿಕ್ ಮೊಳಕಾಲಿನವರೆಗೆ ಎತ್ತಿದೆ. ಆಮೇಲೆ ಇಳಿಸಿದೆ. ಇಳಿಸಿ ಹನ್ನೊಂದನೇ ನಂಬರಿನವಳಿಗೆ ಪಾಸ್ ಕೊಟ್ಟೆ. ಆಕೆಯ ಮೈಮೇಲೇ ಇಬ್ಬರಿದ್ದರು. ಬಾಲ್ ಆಕೆಯ ಕಾಲಿಗೆ ಬಡಿಯಿತು, ಫೌಲ್ ಅಂತ ವಿಸಿಲ್ ಆಯಿತು, ಮುಗಿಯಿತು.

ಅಂಗಡಿಯಲ್ಲಿ ಎಲ್ಲರೂ ಒಂದೇ ಸಲ, "ಛೇ, ಹನ್ನೊಂದು ಹಾಳ್ ಮಾಡಿದ್ಲು" ಅಂದರು. ಹವಾಲ್ದಾರರು ಕೂಡ. "ನಿಮ್ಮ ಮಗಳು ಹೆಂಥಾ ಪಾಸ್ ಕೊಟ್ಟಿದ್ಲು ನೋಡ್ರಿ" ಅಂದರು. ನಾನು ಮಾತಾಡಲಿಲ್ಲ. ಚಹಾ ಕುಡಿದೆ.

ರಾತ್ರಿ ಆ ಜಾಗವನ್ನು ಮೂರು ಸಲ ಹಿಂದೆ ಹಾಕಿ ನೋಡಿದೆ. ಎತ್ತಿದ ಸ್ಟಿಕ್ ಇಳಿಯುವುದು ನನಗೆ ಗೊತ್ತಿರುವ ವಿಷಯ.

1987. ಕೆಂಪು ಮಣ್ಣಿನ ಮೈದಾನ. ಆಗ 35 ನಿಮಿಷದ ಎರಡು ಹಾಫ್, ನಿಮ್ಮ ಹಾಗೆ 15 ನಿಮಿಷದ ನಾಲ್ಕು ಕ್ವಾರ್ಟರ್ ಅಲ್ಲ. ಹೊರಗೆ ಬಂದು ದಣಿವಾರಿಸಿಕೊಂಡು ಮತ್ತೆ ಒಳಗೆ ಹೋಗುವ ಪದ್ಧತಿಯೂ ಇರಲಿಲ್ಲ. ನಾನು ರೈಟ್‌ ಇನ್, ಬಲಗಡೆಯ ಒಳ ಫಾರ್ವರ್ಡ್. ಐದು ಮ್ಯಾಚಿನಿಂದ ಗೋಲಿಲ್ಲ. ಗಲ್ಲಿಯಲ್ಲಿ ಹೋದರೆ ಕಿರಾಣಿ ಅಂಗಡಿಯವರು, "ಏನ್ರಿ, ಸ್ಟಿಕ್ಕಿಗೆ ಅರಿಶಿಣ ಹಚ್ಚೀರೇನು?" ಅಂತ ನಗುತ್ತಿದ್ದರು. ಆ ಸೆಮಿಫೈನಲ್‌ನಲ್ಲಿ ಎರಡು ನಿಮಿಷ ಬಾಕಿ ಇರುವಾಗ ಬಾಲ್ ನನಗೆ ಬಂತು. ಕೀಪರ್ ಬಿದ್ದಿದ್ದ. ನಾನು ಸ್ಟಿಕ್ ಎತ್ತಿದೆ. ತಪ್ಪಿದರೆ ಏನಂತಾರೆ ಅನ್ನುವುದು ಮನಸ್ಸಿಗೆ ಬಂತು. ಅಷ್ಟೇ, ಒಂದು ಕ್ಷಣ. ಲೆಫ್ಟ್‌ ಇನ್ ಆಡುತ್ತಿದ್ದ ಗೆಳೆಯನಿಗೆ ತಳ್ಳಿದೆ. ಬಾಲ್ ಸಣ್ಣ ಕಲ್ಲಿಗೆ ತಾಗಿ ಪುಟಿಯಿತು. ಅವನ ಸ್ಟಿಕ್ ಗಾಳಿಯಲ್ಲಿ ಬೀಸಿತು. ಸೋತೆವು.

ಆವತ್ತು ಇಡೀ ಗಲ್ಲಿ ಅವನನ್ನು ಬೈಯಿತು. ನನಗೆ ಬೆನ್ನು ತಟ್ಟಿದರು. ಎಷ್ಟು ದೊಡ್ಡ ಮನಸ್ಸು, ತಾನು ಹೊಡೆಯದೆ ಗೆಳೆಯನಿಗೆ ಕೊಟ್ಟ ಅಂದರು. ನಾನು ಹೂಂ ಅಂದೆ. ಮರುವರ್ಷ ಅವನು ಆಡಲು ಬರಲಿಲ್ಲ. ಈಗಲೂ ಮಾರ್ಕೆಟ್‌ನಲ್ಲಿ ಸಿಗುತ್ತಾನೆ. "ಆ ಕಲ್ಲು ಎಲ್ಲಿಂದ ಬಂದಿತ್ತೋ ಮಾರಾಯ" ಅಂತ ನಗುತ್ತಾನೆ. ನಾನೂ ನಗುತ್ತೇನೆ. ಈ ವಿಷಯ ನಿಮ್ಮವ್ವನಿಗೂ ಗೊತ್ತಿಲ್ಲ. ಇವತ್ತು ಚಹಾದಂಗಡಿಯಲ್ಲಿ ಎರಡನೇ ಸಲ ಸುಮ್ಮನಿದ್ದೆ, ಈ ಸಲ ನಿನ್ನ ಸಲುವಾಗಿ. ಅದು ಸರಿ ಅನ್ನಿಸುತ್ತಿಲ್ಲ.

ಆಟದ ಮಾತು ಸ್ವಲ್ಪ ಹೇಳುತ್ತೇನೆ, ಬೇಡವಾದರೆ ಬಿಡು. ನಿಮ್ಮ ಕೋಚ್ ಹತ್ತಿರ ಪ್ರಾಕ್ಟೀಸ್ ಮುಗಿದ ಮೇಲೆ ಇಪ್ಪತ್ತು ನಿಮಿಷ ಕೇಳು. ಗೋಲ್ 3.66 ಮೀಟರ್ ಅಗಲ ಇದೆ, ಕೀಪರ್ ಎಷ್ಟು ದೊಡ್ಡ ಪ್ಯಾಡ್ ಕಟ್ಟಿದರೂ ಎರಡೂ ಮೂಲೆ ಒಟ್ಟಿಗೆ ಮುಚ್ಚಲು ಆಗುವುದಿಲ್ಲ. ಎರಡು ಮೂಲೆಗೆ ಒಂದೊಂದು ಕೋನ್ ಇಡು. ನಮ್ಮ ಮಾಸ್ತರರು ಚಿಮಣಿ ಎಣ್ಣೆ ಡಬ್ಬ ಇಡುತ್ತಿದ್ದರು. ಬಾಲ್ ನಿಲ್ಲಿಸಬೇಡ, ಬಂದದ್ದನ್ನು ಬಂದ ಹಾಗೇ ಹೊಡಿ. ಒಳಗೆ ಹೋಯಿತಾ ಇಲ್ಲವಾ ಅಂತ ನೋಡಬೇಡ. ಕೆಳಗಿನ ಹಲಗೆ 46 ಸೆಂಟಿಮೀಟರ್ ಎತ್ತರ, ಅದಕ್ಕೆ ಬಡಿದರೆ ಠಪ್ ಅಂತ ಸದ್ದು ಬರುತ್ತದೆ. ಆ ಸದ್ದು ಕಿವಿಗೆ ಮತ್ತೆ ರೂಢಿಯಾಗಲಿ. ಸ್ಟಿಕ್ಕಿನ ಗ್ರಿಪ್ ಕೂಡ ಬದಲಿಸು. ವಿಡಿಯೊದಲ್ಲಿ ನೋಡಿದೆ, ಬಿಚ್ಚಿಕೊಂಡು ಜೋತಾಡುತ್ತಿದೆ.

ಮುಂದಿನ ಮ್ಯಾಚಿಗೂ ಹಾಳೆಯಲ್ಲಿ ಗೆರೆ ಎಳೆದಿಟ್ಟಿದ್ದೇನೆ. ನಾನು ನೋಡುವುದು ನಡುವಿನ ಕಾಲಂ ಮಾತ್ರ. ಆರು ಹೊಡೆದು ಆರೂ ತಪ್ಪಿದರೆ ಹವಾಲ್ದಾರರು ನಿನ್ನನ್ನು ಬೈಯಲಿ. ನಾನೂ ಅವರ ಜೊತೆ ಸೇರಿ ಬೈಯುತ್ತೇನೆ, ಆಮೇಲೆ ಅವರಿಗೆ ಚಹಾ ಕುಡಿಸುತ್ತೇನೆ.

ನಾಳೆ ಬೆಳಿಗ್ಗೆ ಅಂಗಡಿಗೆ ಹೋಗಿ ಹೇಳಬೇಕು ಅಂತ ಮಾಡಿದ್ದೇನೆ. ಆ ಪಾಸ್ ಕೊಡಬಾರದಿತ್ತು, ಹನ್ನೊಂದರದ್ದು ತಪ್ಪಿಲ್ಲ, ನನ್ನ ಮಗಳದ್ದು ಅಂತ. ಮೀಸೆ ಹುಡುಗನಿಗೆ ಖುಷಿಯಾಗಬಹುದು. ಅಲ್ಲಿಂದ ಹಾಗೇ ಮಾರ್ಕೆಟ್ಟಿಗೂ ಹೋಗುವ ಕೆಲಸವಿದೆ. ಕಲ್ಲಿನ ವಿಷಯ.

ಡಬ್ಬಿ ಒಂದು ನಿನ್ನದು. ಇನ್ನೊಂದನ್ನು ಒಡೆಯಬೇಡ, ಹನ್ನೊಂದನೇ ನಂಬರಿನವಳಿಗೆ ಕೊಡು. ಕೊಡುವಾಗ ಏನು ಹೇಳಬೇಕು ಅಂತ ನಿನಗೆ ಗೊತ್ತು.

ನಿನ್ನ ಅಪ್ಪ