ಬೇಟೆ ಟ್ರಿಪ್‌: ರೈಫಲ್ ಪ್ಯಾಕಿಂಗ್ ಬಗ್ಗೆ

ಎಲ್ಲರಿಗೂ ನಮಸ್ಕಾರ. ಅಮೆರಿಕದಿಂದ ದಕ್ಷಿಣ ಆಫ್ರಿಕಾಕ್ಕೆ ಬೇಟೆಗೆ ಹೊರಟಿರುವವರು ಇದನ್ನು ಒಮ್ಮೆ ಓದಿಬಿಡಿ.

ರೈಫಲ್ ಪೂರ್ತಿ ಖಾಲಿ ಇರಬೇಕು. ಬೋಲ್ಟ್ (ಗುಂಡನ್ನು ನಳಿಕೆಯೊಳಗೆ ತಳ್ಳುವ ಭಾಗ) ತೆಗೆದು ರೈಫಲನ್ನು ಗಟ್ಟಿ ಪೆಟ್ಟಿಗೆಯಲ್ಲಿಡಿ, ಬೀಗದ ತೂತು ಎಷ್ಟಿವೆಯೋ ಅಷ್ಟಕ್ಕೂ ಬೀಗ ಹಾಕಿ. ಆಮೇಲೆ ಮೂಲೆ ಹಿಡಿದು ಎಳೆದು ನೋಡಿ. ಕಳೆದ ಸಲ ನನ್ನ ಪೆಟ್ಟಿಗೆಯ ಮೂಲೆ ಬೆರಳು ತೂರುವಷ್ಟು ಬಾಯಿ ಬಿಟ್ಟಿತ್ತು. ಕೌಂಟರ್‌ನಲ್ಲಿ ವಾಪಸ್ ಕಳಿಸಿದರು, ಇನ್ನೊಂದು ಬೀಗಕ್ಕೆ ಓಡಾಡಿದ್ದೇ ಓಡಾಡಿದ್ದು! ಕೀಲಿ ನಿಮ್ಮ ಜೇಬಿನಲ್ಲೇ ಇರಲಿ.

ಗುಂಡುಗಳನ್ನು ಸುಮ್ನೆ ಬ್ಯಾಗಿಗೆ ಸುರಿಯಬೇಡಿ. ಕಂಪನಿ ಡಬ್ಬಿಯಲ್ಲೇ ಇರಲಿ, ತಲೆಗೆ 5 ಕೆಜಿ ದಾಟದಿರಲಿ. ರೈಫಲ್ ಜೊತೆಗೋ ಬೇರೆ ಬ್ಯಾಗಿಗೋ ಅನ್ನುವುದು ಏರ್‌ಲೈನ್‌ಗೆ ತಕ್ಕಂತೆ ಬದಲಾಗುತ್ತದೆ, ಫೋನ್ ಮಾಡಿ ಕೇಳಿ. ಹಳೇ ಜಾಕೆಟ್ ಜೇಬನ್ನೂ ತಡಕಿ. ಮರೆತುಹೋದ ಒಂದೇ ಗುಂಡು ಸೆಕ್ಯುರಿಟಿಯಲ್ಲಿ ಸಿಕ್ಕರೆ ವಿಮಾನ ತಪ್ಪಿದ ಹಾಗೇ.

ಹೊರಡುವ ಮೊದಲು ರೈಫಲ್ ತೆಗೆದುಕೊಂಡು ಹೋಗಿ ಅಮೆರಿಕದ ಕಸ್ಟಮ್ಸ್‌ನಲ್ಲಿ 4457 ಫಾರಂಗೆ (ರೈಫಲ್ ಇಲ್ಲಿಂದಲೇ ಹೋದದ್ದು ಅನ್ನುವ ದಾಖಲೆ) ಮುದ್ರೆ ಹಾಕಿಸಿ. ಸೀರಿಯಲ್ ನಂಬರ್ ಅಲ್ಲೇ ತಾಳೆ ನೋಡಿಕೊಳ್ಳಿ. ದಕ್ಷಿಣ ಆಫ್ರಿಕಾದ 520 ಫಾರಂ (ರೈಫಲನ್ನು ಆ ದೇಶಕ್ಕೆ ತಾತ್ಕಾಲಿಕವಾಗಿ ಒಯ್ಯಲು ಪರ್ಮಿಟ್ ಅರ್ಜಿ) ಕಪ್ಪು ಇಂಕಿನಲ್ಲೇ ತುಂಬಿ. ಆದರೆ ಸಹಿ ಮಾತ್ರ ಈಗಲೇ ಹಾಕಬೇಡಿ, ಅಲ್ಲಿನ ಪೊಲೀಸರ ಎದುರೇ ಹಾಕಬೇಕು.

ಲಂಡನ್ ಮೇಲೆ ಟಿಕೆಟ್ ಮಾಡಿಸಿದವರು ಇವತ್ತೇ ನನಗೆ ಮೆಸೇಜ್ ಮಾಡಿ. ಅಲ್ಲಿನ ಪರ್ಮಿಟ್ ವಿಷಯ ಬೇರೆಯೇ ಇದೆ.