ಕುಂಬ್ಳೆ ಬೆಡಿ ನೋಡಿ ಬಂದೆ, ಸುಮಾರು ಜನಕ್ಕೆ ಥ್ಯಾಂಕ್ಸ್ ಹೇಳ್ಲಿಕ್ಕುಂಟು

ಕುಂಬ್ಳೆ ಬೆಡಿ ಅಂದ್ರೆ ಕೇರಳದ ಕಾಸರಗೋಡಿನ ನಮ್ಮ ಕುಂಬ್ಳೆ ದೇವಸ್ಥಾನದ ಜಾತ್ರೆಯಲ್ಲಿ ಸಿಡಿಮದ್ದು ಹೊಡೆಯುದು. ಈ ಸಲ ಆ ದಿನ ನಾನು ಜನರ ನಡುವೆ ನಿಂತಿದ್ದೆ. ಕಿವಿಗೆ ಹತ್ತಿ ಇಲ್ಲ, ಕಾರಿನ ಗ್ಲಾಸ್ ಏರಿಸಿ ಒಳಗೆ ಕೂತದ್ದೂ ಅಲ್ಲ. ಕಡೆಯ ಗರ್ನಾಲ್ ಹೊಡೆದು ಹೊಗೆ ಕೆಳಗೆ ಇಳಿಯುವವರೆಗೂ ಇದ್ದೆ, ಆಮೇಲೆ ಸಂತೆಯಲ್ಲಿ ಚರುಂಬುರಿ ತಿಂದು ಮನೆಗೆ ಬಂದೆ. ಬೆಡಿ ನೋಡಿದ್ದಕ್ಕೆ ಇವಳು ಎಂತ ಇಷ್ಟುದ್ದ ಬರೀತಾಳೆ ಅಂತ ಕೆಲವರಿಗೆ ಕಾಣ್ಬಹುದು, ಅದಕ್ಕೆ ಸ್ವಲ್ಪ ಹಿಂದಿನಿಂದ ಹೇಳ್ತೇನೆ.

ನಾನು ನರ್ಸು. 2012ರಿಂದ ಯೆಮನಿನ ಸನಾದಲ್ಲಿ ಒಂದು ಆಸ್ಪತ್ರೆಯಲ್ಲಿದ್ದೆ, ಸಾಲ ಇತ್ತು, ಊರಲ್ಲಿ ಸಿಗುವ ಸಂಬಳದಲ್ಲಿ ಅದರ ಬಡ್ಡಿ ಕೂಡ ಹೋಗ್ತಿರ್ಲಿಲ್ಲ. 2015 ಮಾರ್ಚ್ 20ಕ್ಕೆ ಶುಕ್ರವಾರದ ನಮಾಜಿನ ಹೊತ್ತಿಗೆ ಅಲ್ಲಿ ಎರಡು ಮಸೀದಿಯಲ್ಲಿ ಬಾಂಬು ಸಿಡಿದು 130ಕ್ಕಿಂತ ಹೆಚ್ಚು ಜನ ಸತ್ರು. ಆ ದಿನದ ವಾರ್ಡಿನ ಬಗ್ಗೆ ಇಲ್ಲಿ ಬರಿಯುದಿಲ್ಲ. ಆರು ದಿನ ಕಳೆದು 26ಕ್ಕೆ ಸೌದಿಯವರ ಕೂಟ ವಿಮಾನದಿಂದ ಬಾಂಬು ಹಾಕ್ಲಿಕ್ಕೆ ಶುರು ಮಾಡ್ತು. ನಾವು ಹಾಸ್ಟೆಲಿನ ಕಿಟಕಿಗೆಲ್ಲ ಟೇಪು ಅಂಟಿಸಿ, ಗಾಜು ಒಡೆದ್ರೂ ಮೈಮೇಲೆ ಬೀಳದ ಹಾಗೆ, ಮೆಟ್ಟಿಲಿನ ಅಡಿಯಲ್ಲಿ ಮಲಗ್ತಿದ್ದೆವು. ಏಪ್ರಿಲ್ ಮೊದಲಿಗೆ ಏರ್ ಇಂಡಿಯಾದಲ್ಲಿ ಸಮುದ್ರದಾಚೆ ಆಫ್ರಿಕಾದ ಜಿಬೂಟಿ, ಅಲ್ಲಿಂದ ಏರ್‌ಫೋರ್ಸಿನ ಸಿ-17 ವಿಮಾನದಲ್ಲಿ ಮುಂಬೈ. ಆಪರೇಷನ್ ರಾಹತ್ ಅಂತ ಅದರ ಹೆಸರು, ಹಡಗಲ್ಲಿ, ವಿಮಾನದಲ್ಲಿ ಸೇರಿ ನಮ್ಮ ದೇಶದವ್ರೇ 4,600ಕ್ಕೂ ಮಿಕ್ಕಿ ಬಂದದ್ದು. ಆ ಹಡಗಿನವರಿಗೆ, ವಿಮಾನದವರಿಗೆ, ಜಿಬೂಟಿಯಲ್ಲಿ ಬಿಸಿ ಚಾ ಕೊಟ್ಟ ಹುಡುಗನಿಗೆ ಮೊದಲ ಥ್ಯಾಂಕ್ಸ್.

ಮುಂಬೈಯಿಂದ ನೇತ್ರಾವತಿ ರೈಲಲ್ಲಿ ಬರುವಾಗ ಕರ್ಬುಡೆ ಸುರಂಗ ಬಂತು, ಆರೂವರೆ ಕಿಲೋಮೀಟ್ರು ಉದ್ದ, ನಾನು ಎದುರು ಕೂತಿದ್ದ ಅಜ್ಜಿಯ ಕೈ ಗಟ್ಟಿ ಹಿಡ್ಕೊಂಡಿದ್ದೆ ಅಂತ ಸುರಂಗ ಮುಗಿದ ಮೇಲೇ ಗೊತ್ತಾದದ್ದು. ಆ ಅಜ್ಜಿ ಯಾರೋ ಏನೋ, ಕೈ ಬಿಡಿಸ್ಕೊಳ್ಳಿಲ್ಲ.

ಊರಿಗೆ ಬಂದ ಮೇಲೆ ಒಂಬತ್ತು ತಿಂಗಳು ನನಗೆ ಏನೂ ಆಗ್ಲಿಲ್ಲ ಗೊತ್ತುಂಟಾ. ಮನೆಗೆ ಬಂದವರಿಗೆಲ್ಲ ಕಥೆ ಹೇಳ್ತಿದ್ದೆ, ನಗ್ತಿದ್ದೆ ಕೂಡ. ಮರು ಜನವರಿ ಬೆಡಿಯ ರಾತ್ರಿ, ನಮ್ಮ ಮನೆ ಕುಂಬ್ಳೆಯಿಂದ ನಾಲ್ಕು ಕಿಲೋಮೀಟ್ರು ದೂರ, ಮೊದಲ ಸದ್ದು ಕೇಳಿದ್ದೇ ಮಗನನ್ನು ಎಳ್ಕೊಂಡು ಮಂಚದ ಅಡಿಗೆ ನುಗ್ಗಿದ್ದೆ. ಅವನಿಗಾಗ ನಾಲ್ಕು ವರ್ಷ, ಕೈ ಉಳುಕಿ ಒಂದು ವಾರ ಪಟ್ಟಿ ಕಟ್ಟಿದ್ದು. ಅಲ್ಲಿಂದ ಶುರು. ನಿದ್ದೆ ಇಲ್ಲ, ಪ್ರೆಶರ್ ಕುಕ್ಕರ್ ಇಡ್ಲಿಕ್ಕೆ ಹೆದ್ರಿಕೆ, ಯಾರಾದ್ರೂ ಬಾಗಿಲು ದಡಕ್ಕ ಹಾಕಿದ್ರೆ ಅವರ ಮೇಲೆ ಕೆಂಡದಂಥ ಸಿಟ್ಟು. ಚೆಂಡೆಗೆ ಮಾತ್ರ ಹೆದ್ರಿಕೆ ಇಲ್ಲ! ಯಕ್ಷಗಾನದ ಪಾರ್ತಿಸುಬ್ಬನ ಊರಿನವರಿಗೆ ಚೆಂಡೆಗೆ ಹೆದರ್ಲಿಕ್ಕೆ ಉಂಟಾ ಅಂತ ಇವರು, ನನ್ನ ಗಂಡ, ತಮಾಷೆ ಮಾಡ್ತಿದ್ರು.

ಮೊದಲು ಹೋದ ಕಡೆ ಹೆಚ್ಚು ಕೇಳದೆ ನಿದ್ದೆ ಮಾತ್ರೆ ಬರೆದು ಕಳಿಸಿದ್ರು, ವರ್ಷಗಟ್ಲೆ ಅದನ್ನೇ ನುಂಗಿ ನಾನೊಂದು ಕೊರಡಿನ ಹಾಗೆ ಆಗಿದ್ದೆ. ನರ್ಸ್ ಆಗಿ ನನಗೇ ತಿಳೀಬೇಕಿತ್ತು, ಆ ಬೇಜಾರು ಈಗ್ಲೂ ಉಂಟು. ಆಮೇಲೆ ಮಂಗಳೂರಿನ ಒಬ್ಬರು ಡಾಕ್ಟ್ರಮ್ಮ ಸಿಕ್ಕಿದ್ರು. ಪಿಟಿಎಸ್‌ಡಿ, ಅಂದ್ರೆ ದೊಡ್ಡ ಆಘಾತ ಆದ ಮೇಲೆ ಬರುವ ಮನಸ್ಸಿನ ಕಾಯಿಲೆ ಅಂತ ಹೇಳಿದ್ದು ಅವರೇ, ಆರು ತಿಂಗಳು ಕಳೆದ ಮೇಲೂ ಅದು ಪೂರ್ತಿ ಹೊರಗೆ ಬರುದುಂಟು, ನಿನ್ನದು ನಾಟಕ ಅಲ್ಲ ಅಂದ್ರು. ಗಲಾಟೆ ಯುದ್ಧ ಆದ ಜಾಗದಲ್ಲಿ ಐದರಲ್ಲಿ ಒಬ್ಬರಿಗೆ ಖಿನ್ನತೆಯೋ ಆತಂಕವೋ ಇದೋ, ಒಂದಲ್ಲ ಒಂದು ಮನಸ್ಸಿನ ಕಾಯಿಲೆ ಇರ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಲೆಕ್ಕ ಹಾಕಿದ್ದನ್ನು ತೋರಿಸಿದ್ದೂ ಅವರೇ. ಐದರಲ್ಲಿ ಒಬ್ಬರು ಅಂತ ಕೇಳಿದಾಗ ನಾನು ಅತ್ತೆ. ನಮ್ಮ ಹಾಸ್ಟೆಲಿನ ರೂಮಲ್ಲಿ ನಾವು ಐದು ಜನ ಇದ್ದದ್ದು.

ಅವರು ಖಿನ್ನತೆ, ಆತಂಕಕ್ಕೆಲ್ಲ ಕೊಡುವ ಸರ್ಟ್ರಲಿನ್ ಮಾತ್ರೆ ಶುರು ಮಾಡಿದ್ರು, ಜೊತೆಗೆ ಒಂದು ಕಾಗದದಲ್ಲಿ ನಾನು ಹೆದರುವ ಸದ್ದನ್ನೆಲ್ಲ ಬರೆಸಿ ಸೊನ್ನೆಯಿಂದ ನೂರರ ತನಕ ಮಾರ್ಕ್ ಹಾಕ್ಸಿದ್ರು. ಬಾಗಿಲಿಗೆ 30, ಕುಕ್ಕರಿಗೆ 35, ಸಿಡಿಲಿಗೆ 80, ಬೆಡಿಗೆ 100. ಕೆಳಗಿನಿಂದ ಮೇಲಕ್ಕೆ ಒಂದೊಂದೇ. ಮೊಬೈಲಲ್ಲಿ ಬೆಡಿಯ ರೆಕಾರ್ಡಿಂಗ್ ಸಣ್ಣ ಸೌಂಡಿಗೆ ಇಟ್ಟು ಕೇಳುದು, ಹೆದ್ರಿಕೆ ಏರಿ ತಾನಾಗಿ ಇಳಿಯುವವರೆಗೆ ನಿಲ್ಲಿಸ್ಲಿಕ್ಕಿಲ್ಲ. ಹೇಳ್ಲಿಕ್ಕೆ ಸುಲಭ ಮಾರಾಯ್ರೆ, ಬೆವರಿ ಬಟ್ಟೆ ಬದಲಿಸಿದ ದಿನಗಳುಂಟು. ಮತ್ತೆ ಒಂದು ವರ್ಷ ಮನೆಯ ಜಗಲಿಯಿಂದ ಬೆಡಿ ಕೇಳಿದ್ದು, ಇನ್ನೊಂದು ವರ್ಷ ಕುಂಬ್ಳೆಯ ಹತ್ತಿರದ ಆರಿಕ್ಕಾಡಿಯಿಂದ, ಆಮೇಲೆ ಪೇಟೆಯಲ್ಲಿ ಕಾರಿನೊಳಗೆ ಕೂತು. 2024 ಅಕ್ಟೋಬರಲ್ಲಿ ನಮ್ಮ ಜಿಲ್ಲೆಯ ನೀಲೇಶ್ವರದಲ್ಲಿ ತೆಯ್ಯಂ ಕೋಲದ ದಿನ ಪಟಾಕಿ ರಾಶಿಗೆ ಬೆಂಕಿ ಬಿದ್ದು 150ಕ್ಕೂ ಹೆಚ್ಚು ಜನಕ್ಕೆ ಗಾಯ ಆಯ್ತಲ್ಲ, ಆ ಸುದ್ದಿ ನೋಡಿ ನಾನು ಪುನಃ ರೆಕಾರ್ಡಿಂಗಿಗೇ ಬಂದು ಬಿದ್ದಿದ್ದೆ. ಆಗ ರಾತ್ರಿ ಎರಡು ಗಂಟೆಗೆ ಮನಸ್ಸಿನ ಕಷ್ಟಕ್ಕೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದ್ದುಂಟು, ಅರ್ಧ ಗಂಟೆ ಮಾತಾಡಿದ ಆ ಹೆಣ್ಣುಮಗಳಿಗೂ ಥ್ಯಾಂಕ್ಸ್.

ಕೌನ್ಸೆಲರ್ ಮೇಡಂಗೆ ಬೇರೆಯೇ ಹೇಳ್ಬೇಕು. ಅವರು ಮಲಯಾಳಿ, ನಾನು ಕನ್ನಡ ಮೀಡಿಯಂ, ಮಲಯಾಳ ಬರ್ತದೆ ಆದ್ರೆ ಒಳಗಿನದ್ದು ಹೇಳ್ಲಿಕ್ಕೆ ಹೋದ್ರೆ ಶಬ್ದವೇ ಸಿಗುದಿಲ್ಲ. ಫಾರ್ಮಲ್ಲಿ ಕೂಡ ಕನ್ನಡ ಇಲ್ಲ, ಅದು ನಮ್ಮ ಗಡಿಯವರ ಹಳೇ ಪಾಡು ಬಿಡಿ. ಮೂರನೇ ಸಲ ಹೋದಾಗ ಅವರು ಯಾರತ್ರವೋ ಕಲ್ತುಕೊಂಡು ಬಂದು "ಪೋಡಿಗೆ ಆಪುಂಡಾ?", ಹೆದ್ರಿಕೆ ಆಗ್ತದಾ ಅಂತ ತುಳುವಲ್ಲಿ ಕೇಳಿದ್ರು. ಉಚ್ಚಾರ ಚೂರು ಆಚೆ ಈಚೆ. ನಾನು ಆ ದಿನ ಒಂದೂವರೆ ಗಂಟೆ ಮಾತಾಡಿದ್ದು.

ಇನ್ನು ಕೋರೆಯ ರೈಟ್ರು ಇಚ್ಚ. ನಮ್ಮ ಮನೆಯಿಂದ ಸ್ವಲ್ಪ ದೂರದಲ್ಲಿ ಕರಿಕಲ್ಲಿನ ಕೋರೆ ಉಂಟು, ಬಂಡೆಗೆ ಮದ್ದು ಇಟ್ಟು ಸಿಡಿಸುವಾಗ ನೆಲ ಅದುರ್ತದೆ. ಇವರು ಹೋಗಿ ವಿಷಯ ಹೇಳಿದ್ದಕ್ಕೆ ಇಚ್ಚ ಎಂತದ್ದೂ ಪ್ರಶ್ನೆ ಕೇಳ್ಲಿಲ್ಲವಂತೆ, ನನ್ನ ನಂಬರ್ ಮಾತ್ರ ಕೇಳಿದ್ದು. ಆವತ್ತಿಂದ ಸಿಡಿಸುವ ಹತ್ತು ನಿಮಿಷ ಮೊದಲು ನನಗೊಂದು ಮಿಸ್ಡ್ ಕಾಲ್. ಮೂರು ವರ್ಷ, ಒಂದು ದಿನ ತಪ್ಪಿಲ್ಲ, ನೋಂಬಿನ ತಿಂಗಳಲ್ಲೂ. ಬರ್ತದೆ ಅಂತ ಗೊತ್ತಿದ್ದ ಸದ್ದು ಅರ್ಧ ಸದ್ದು. ಡಾಕ್ಟ್ರಮ್ಮನಿಗೆ ಹೇಳಿದಾಗ ಅವರು ಈ ಮಿಸ್ಡ್ ಕಾಲನ್ನೂ ಚಿಕಿತ್ಸೆಗೆ ಸೇರಿಸಿದ್ರು, ಆಮೇಲೆ ಹತ್ತು ನಿಮಿಷ ಇದ್ದದ್ದನ್ನು ಐದು ಮಾಡಿಸಿ, ಎರಡು ಮಾಡಿಸಿ, ಕಡೆಗೆ ನಿಲ್ಲಿಸ್ಲಿಕ್ಕೆ ಹೇಳಿದ್ದು. ಇಚ್ಚನಿಗೆ ಮಾತ್ರ ನಿಲ್ಲಿಸ್ಲಿಕ್ಕೆ ಮನಸ್ಸಿರ್ಲಿಲ್ಲ.

ಅತ್ತೆ ಮೊದಲಿಗೆ ಗಾಳಿ ಸೋಂಕು ಅಂತ ನೂಲು ಕಟ್ಟಿಸಿದ್ರು, ಇಲ್ಲ ಅಂತ ಹೇಳುದಿಲ್ಲ. ಆದ್ರೆ ನಿದ್ದೆ ಬಾರದ ರಾತ್ರಿಗಳಲ್ಲಿ ಮಲಗು ಮಲಗು ಅಂತ ಹೇಳದೆ ಎದ್ದು ಬಂದು ಅಡಿಕೆ ಗೋಣಿ ಬಿಚ್ಚಿ, ಬಾ ಸುಲಿಯುವ ಅಂತ ಕೂತವರೂ ಅವರೇ. ಎರಡು ಚಳಿಗಾಲ ನಾವಿಬ್ಬರು ಸುಲಿದ ಅಡಿಕೆಗೆ ಲೆಕ್ಕ ಇಲ್ಲ. ಇವರು, ಈ ಹತ್ತು ವರ್ಷದಲ್ಲಿ ಒಮ್ಮೆಯೂ "ಇನ್ನೂ ಸರಿ ಆಗ್ಲಿಲ್ವಾ" ಅಂತ ಕೇಳದವರು, ಅವರಿಗೆ ಇಲ್ಲಿ ಬರೆದ್ರೆ ನಾಚಿಕೆ ಆಗ್ತದೆ, ಸಾಕು.

ಖಾಲಾ ಒಬ್ಬರು ಉಳಿದ್ರು. ನಮ್ಮ ವಾರ್ಡು ಗುಡಿಸ್ತಿದ್ದ ಹೆಂಗಸು, ನಾವೆಲ್ಲ ಖಾಲಾ ಅಂತ, ನಮ್ಮ ಚಿಕ್ಕಮ್ಮ ಇದ್ದ ಹಾಗೆ. ಹೊರಡುವ ದಿನ ಕಾಫಿ ಸಿಪ್ಪೆಯ ಪೊಟ್ಟಣ ಕೈಗಿಟ್ರು, ಅದನ್ನು ಶುಂಠಿ ಹಾಕಿ ಕುದಿಸಿ ಕುಡೀತಾರೆ ಅಲ್ಲಿ. ನಾನು ಹದಿನೈದು ದಿನದೊಳಗೆ ಪಾರಾಗಿ ಬಂದವಳು, ಅವರಿಗೆ ಹೋಗ್ಲಿಕ್ಕೆ ಎಲ್ಲಿಯೂ ಇಲ್ಲ. ಆ ಯುದ್ಧದಲ್ಲಿ 2021ರ ಕಡೆಯ ತನಕ ಸತ್ತವರು 3,77,000 ಅಂತ ಯುಎನ್ ಅಂದಾಜು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬಾಂಬಿಗೆ ಅಲ್ಲ, ಹಸಿವೆಗೆ, ಕಾಯಿಲೆಗೆ. ವಾಟ್ಸಾಪಲ್ಲಿ ಒಮ್ಮೆ ನಿದ್ದೆ ಬರ್ತದಾ ಅಂತ ಕೇಳಿದೆ. ಸದ್ದಿದ್ರೆ ಬರ್ತದೆ, ಸದ್ದು ನಿಂತ್ರೆ ಎಚ್ಚರ ಆಗ್ತದೆ ಅಂದ್ರು. ಅವರ ಮೊಮ್ಮಗಳಿಗೆ ಹತ್ತು ವರ್ಷ, ಇನ್ನೂ ಹಾಸಿಗೆ ಒದ್ದೆ ಮಾಡ್ತಾಳಂತೆ. ಅವಳಿಗೆ ಮಾರ್ಕ್ ಹಾಕ್ಸುವ ಡಾಕ್ಟ್ರಮ್ಮ ಇಲ್ಲ.

ಬೆಡಿಯ ಮರುದಿನ ಅವರಿಗೆ ಸಂತೆಯ ಫೋಟೋ ಕಳಿಸಿದ್ದೆ, ವೀಡಿಯೋ ಬೇಡ ಅಂತ ಬರೀ ಫೋಟೋ. ಹಿಂದೆ ಹೊಗೆ ಕಾಣ್ತಿತ್ತು. ಯಾರಿಗೂ ಏನೂ ಆಗ್ಲಿಲ್ಲ ಅಲ್ವಾ ಮಗಳೇ ಅಂತ ತಕ್ಷಣ ವಾಯ್ಸ್ ಬಂತು. ಇಲ್ಲ ಖಾಲಾ, ದೇವರ ಹಬ್ಬ ಅಂದೆ. ಹಾಗಾದ್ರೆ ಆ ಮಿಠಾಯಿ ಅಂಗಡಿಯದ್ದು ಹತ್ತಿರದಿಂದ ಒಂದು ತೆಗ್ದು ಕಳ್ಸು, ಮೊಮ್ಮಗಳಿಗೆ ತೋರಿಸ್ಬೇಕು ಅಂದ್ರು.

ಬೆಡಿಗೆ ಈಗ 20 ಮಾರ್ಕ್. ಸಿಡಿಲಿನದ್ದು ಬೇರೆ, ಅದು ಇನ್ನೂ 50ರಲ್ಲೇ ಕೂತಿದೆ, ಸಿಡಿಲು ಹೊಡೆಯುವ ತುಲಾ ತಿಂಗಳು ಬರ್ಲಿ ನೋಡುವ.