ದುರ್ಗದಬೈಲಿನ ಕಾಕಾ ಅವರಿಗೊಂದು ಥ್ಯಾಂಕ್ಸ್

‘ಹೆಸರು ಗಿಸರು ಬರೀಬ್ಯಾಡ್ರಿ’ ಅಂದಿದ್ದೀರಿ, ಬರೆಯುವುದಿಲ್ಲ. ಆದರೆ ಹುಬ್ಬಳ್ಳಿ ದುರ್ಗದಬೈಲ್ ಕಡೆ ಫ್ರೇಮ್ ಹಾಕುವ ಕಾಕಾರ, ನೀವು ಕಲಿಸಿದ್ದನ್ನು ನಾಲ್ಕು ಜನಕ್ಕೆ ಹೇಳದಿದ್ದರೆ ಹೇಗೆ?

ಶಂಕರ್ ನಾಗ್ ನಿರ್ದೇಶನದ ‘ಮಾಲ್ಗುಡಿ ಡೇಸ್’ ಕಾಲದ ಪ್ರಚಾರದ ಪೋಸ್ಟರ್, ಫೋಟೊ ಕೂಡಿಡುವವರ ಮೊದಲ ತಪ್ಪು ಲ್ಯಾಮಿನೇಷನ್. ಮಾಡಿದರೆ ಮುಗಿಯಿತು, ಮತ್ತೆ ಬಿಚ್ಚಲಾಗದು. ಎರಡನೆಯದು ಸುರುಳಿಯನ್ನು ನೇರ ಮಾಡಲು ಉಲ್ಟಾ ಸುತ್ತುವುದು. ಒಣಗಿದ ಕಾಗದ ಮಡಿಕೆಯಲ್ಲೇ ಸೀಳುತ್ತದೆ. ಎರಡು ಬ್ಲಾಟಿಂಗ್ ಹಾಳೆಗಳ ನಡುವೆ ಹರವಿ, ಮೇಲೆ ಸಮನಾದ ಹಲಗೆ, ಅದರ ಮೇಲೆ ಭಾರ ಇಟ್ಟು ಒಂದು ವಾರ ಮರೆತುಬಿಡಬೇಕು.

ಹಳೇ ಸೆಲ್ಲೋಟೇಪಿನ ಪಾಠವಂತೂ ಬಂಗಾರ. ಹೇರ್ ಡ್ರೈಯರನ್ನು ಕಡಿಮೆ ಬಿಸಿಯಲ್ಲಿ ಹಿಡಿದು, ಟೇಪನ್ನು ಮೇಲಕ್ಕೆತ್ತದೆ, ಕಾಗದಕ್ಕೆ ಒರಗಿಸಿಕೊಂಡೇ ಹಿಂದಕ್ಕೆ ಎಳೆಯಬೇಕು. ಮೇಲಕ್ಕೆತ್ತಿದರೆ ಬಣ್ಣದ ಪದರವೇ ಕಿತ್ತು ಬರುತ್ತದೆ. ಥಿನ್ನರ್ ಬೇಡವೇ ಬೇಡ, ಶಾಯಿ ಹರಡುತ್ತದೆ. ಹಳದಿ ಕಲೆ ಉಳಿದರೆ ಉಳಿಯಲಿ.

ಗಾಜಿಗೂ ಫೋಟೊಗೂ ನಡುವೆ ಮೌಂಟ್ ಬೋರ್ಡಿನ (ಫೋಟೊ ಸುತ್ತ ಇಡುವ ದಪ್ಪ ರಟ್ಟಿನ) ಸಂದು ಬಿಡಿ ಎಂದಿರಿ. ಧಾರವಾಡದ ಮಳೆಗಾಲದ ತೇವಕ್ಕೆ ಫೋಟೊ ಗಾಜಿಗೇ ಅಂಟಿಕೊಳ್ಳುವುದು ಅದಿಲ್ಲದ್ದಕ್ಕೇ. ಪಿವಿಸಿ ಕವರ್ ಕೂಡ ಶಾಯಿಯನ್ನು ಎಳೆದುಕೊಳ್ಳುತ್ತದೆ, ಪಾಲಿಯೆಸ್ಟರ್ ಕವರೇ ಸರಿ.

ನಕಲು ಹಿಡಿಯುವುದಕ್ಕೆ ಹತ್ತು ಪಟ್ಟಿನ ಭೂತಗನ್ನಡಿ ಸಾಕು: ಅಸಲಿ ಪೋಸ್ಟರಿನ ಆಫ್‌ಸೆಟ್ (ಅಚ್ಚಿನ ಯಂತ್ರದ) ಮುದ್ರಣದಲ್ಲಿ ಚುಕ್ಕಿಗಳು ಸಾಲಾಗಿ ಹೂವಿನಂತೆ ಕೂಡಿರುತ್ತವೆ, ಇಂಕ್‌ಜೆಟ್ ಪ್ರಿಂಟರಿನ ನಕಲಿನಲ್ಲಿ ಚೆಲ್ಲಾಪಿಲ್ಲಿ.

ಇಷ್ಟೆಲ್ಲ ಹೇಳಿ ಬರೀ ಚಹಾ ಕುಡಿದಿರಿ, ರೊಕ್ಕ ಮುಟ್ಟಲಿಲ್ಲ. ಶರಣ್ರಿ ಕಾಕಾರ.